ಅಜ್ಜಿಯ ಕಫ, ನನ್ನ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇದು ಊಟಕ್ಕೆ ಕೂರುವ ಮುಂಚೆ ಓದುವಂಥ ಬರಹವಲ್ಲ. ಕ್ಷಯದ ಬಗ್ಗೆ ಬರೆಯುವವರು ಕೆಮ್ಮನ್ನು ಬರೆಯುತ್ತಾರೆ, ರಕ್ತವನ್ನು ಬರೆಯುತ್ತಾರೆ, ಬಿಳಿಚಿದ ಮುಖವನ್ನೂ ಬರೆಯುತ್ತಾರೆ. ಕಫವನ್ನು ಮಾತ್ರ ಯಾರೂ ಬರೆಯುವುದಿಲ್ಲ. ನನಗೋ ಆ ಕಾಯಿಲೆ ಎಂದರೆ ನೆನಪಾಗುವುದು ಒಂದು ದುಂಡನೆಯ ಪುಟ್ಟ ಡಬ್ಬ. ಕುಂಕುಮದ ಭರಣಿಗಿಂತ ತುಸು ದೊಡ್ಡದು. ತಿರುಗಿಸಿ ಮುಚ್ಚುವ ಮುಚ್ಚಳ, ಪಕ್ಕದಲ್ಲಿ ಹೆಸರು ಬರೆಯುವ ಬಿಳಿ ಪಟ್ಟಿ. ಆ ಪಟ್ಟಿಯ ಮೇಲೆ ನನ್ನ ಹೆಸರಿತ್ತು. ಒಳಗಿದ್ದದ್ದು ನನ್ನದಾಗಿರಲಿಲ್ಲ. ಇವತ್ತಿಗೂ ಯಾರಾದರೂ ಕುಂಕುಮದ ಭರಣಿ ಮುಂದೆ ಹಿಡಿದರೆ, ಮುಚ್ಚಳ ತೆಗೆಯುವ ಹೊತ್ತಿಗೆ ನನ್ನ ಮೂಗು ತಾನಾಗಿ ಹಿಂದೆ ಸರಿಯುತ್ತದೆ.

ನಾವು ಆಗ ಠಾಕುರ್ಲಿಯಲ್ಲಿ, ರೈಲು ಹಳಿಯ ಪಕ್ಕದ ಒಂದು ಚಾಳಿನಲ್ಲಿದ್ದೆವು. ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಕಳೆದಿರಬೇಕು. ಇದ್ದದ್ದು ಒಂದೇ ಕೋಣೆ. ಅದರ ಮೂಲೆಯಲ್ಲೇ ಪಾತ್ರೆ ತೊಳೆಯುವ, ಸ್ನಾನ ಮಾಡುವ ಮೋರಿ. ಹೊರಗೆ ಎಲ್ಲರಿಗೂ ಸೇರಿದ ಗ್ಯಾಲರಿ. ಅಪ್ಪಯ್ಯ ಡೊಂಬಿವಲಿ ಸ್ಟೇಷನ್ನಿನ ಬಳಿ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಆ ಕೋಣೆಯಲ್ಲಿ ಅಪ್ಪಯ್ಯ, ಅಮ್ಮ, ನಾನು, ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಶೈಲ, ಮತ್ತೆ ಅಪ್ಪಯ್ಯನ ತಾಯಿ, ಅಂದರೆ ನಮ್ಮ ಅಜ್ಜಿ.

ಅಜ್ಜಿ ಕುಂದಾಪುರದ ಕಡೆಯವರು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಕಲಿಸಿದ್ದು ಅಜ್ಜಿ. ಮೊರದಲ್ಲಿ ಅಕ್ಕಿ ಹರವಿ, ಅದರ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ಬರೆಸುತ್ತಿದ್ದರು. ತಪ್ಪಿದರೆ ಮೊರವನ್ನೊಮ್ಮೆ ಕುಲುಕಿದರೆ ಆಯಿತು, ಅಕ್ಷರ ಮತ್ತೆ ಅಕ್ಕಿಯಾಗುತ್ತಿತ್ತು. ಗಾದೆ, ಒಗಟು, ಯಾರ ಮನೆಯ ಮದುವೆಯಲ್ಲಿ ಯಾರು ಎಲೆ ಬಿಟ್ಟು ಎದ್ದು ಹೋದರು ಎಂಬ ಕಥೆ, ಎಲ್ಲ ಆ ಬಾಯಿಂದಲೇ ಬಂದವು. ಅದೇ ಬಾಯಿಂದ ಬೇರೆಯದೂ ಬರುತ್ತಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೂದಿ ಹಾಕಿದ ಒಂದು ತೆಂಗಿನ ಗೆರಟೆಯನ್ನು ಮುಂದಿಟ್ಟುಕೊಂಡು, ಕಾಲು ಗಂಟೆ ಕೆಮ್ಮಿ ಕೆಮ್ಮಿ ಅದರೊಳಗೆ ಉಗುಳುತ್ತಿದ್ದರು. ಹಳದಿ ಹಸಿರು ಬಣ್ಣದ ಗಟ್ಟಿ ಕಫ. ಮೇಲೆ ಮತ್ತೊಂದು ಹಿಡಿ ಬೂದಿ ಮುಚ್ಚಿ ಎಸೆದು ಬರುವುದು ಅಮ್ಮನ ಕೆಲಸ. ಯಾರಾದರೂ ಕೇಳಿದರೆ, ಇದು ಊರಿನ ಕೆಮ್ಮು, ಸೌದೆ ಒಲೆಯ ಹೊಗೆ ಕುಡಿದು ಬಂದದ್ದು, ಮಣ್ಣಿಗೆ ಹೋಗುವ ತನಕ ಇರುತ್ತದೆ ಎನ್ನುತ್ತಿದ್ದರು ಅಜ್ಜಿ. ಹಳೆಯ ಕೆಮ್ಮಿಗೆ ಯಾರು ಕಿವಿ ಕೊಡುತ್ತಾರೆ? ಹಳಿಯ ಮೇಲೆ ಲೋಕಲ್ ರೈಲು ಹೋದ ಹಾಗೆ ಅದೂ ಒಂದು ಸದ್ದು.

ಹೊಸ ಕೆಮ್ಮು ನನ್ನದು. ಇಪ್ಪತ್ತು ವರ್ಷದವಳು, ಡೊಂಬಿವಲಿಗೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಮೇ ತಿಂಗಳ ಸೆಕೆಯಲ್ಲಿ ಶುರುವಾದ ಕೆಮ್ಮು ಮಳೆ ಬಂದರೂ ನಿಲ್ಲಲಿಲ್ಲ. ಸಂಜೆಯಾದರೆ ಮೈ ಬಿಸಿ. ರವಿಕೆಗಳೆಲ್ಲ ಬೇರೆ ಯಾರದ್ದೋ ಎನ್ನುವ ಹಾಗೆ ಜೋತು ಬೀಳತೊಡಗಿದವು. ಅದೇ ಹೊತ್ತಿಗೆ ಠಾಣೆಯ ವರ್ತಕ ನಗರದ ಒಂದು ಸಂಬಂಧ ಕುದುರಿತ್ತು. ಹುಡುಗ ಅಲ್ಲಿನ ಕಂಪನಿಯೊಂದರಲ್ಲಿ ಗುಮಾಸ್ತ, ನಮ್ಮ ಕಡೆಯವನೇ. ಅವರು ಬಂದು ನೋಡಿ, ಉಪ್ಪಿಟ್ಟು ತಿಂದು, ಒಪ್ಪಿಗೆ ಹೇಳಿ ಹೋಗಿದ್ದರು. ಆಷಾಢ ಕಳೆದ ಮೇಲೆ ನಿಶ್ಚಿತಾರ್ಥ. ಅವರು ಇದ್ದ ಒಂದು ಗಂಟೆ ನಾನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕೆಮ್ಮನ್ನು ನುಂಗಿದ್ದೆ.

ಆಗ ನಮ್ಮ ಚಾಳಿಗೆ ಬಂದವರು ಲೂಸಿ ಬಾಯಮ್ಮ. ಹಳಿಯ ಆಚೆ ಬದಿಯ ಇಗರ್ಜಿಯವರು, ಅಂದರೆ ಚರ್ಚಿನವರು, ಸಿಸ್ಟರ್‌ಗಳ ಜೊತೆ ಸೇರಿ ಮನೆಮನೆಗೆ ಹೋಗಿ ಕೆಮ್ಮುವವರನ್ನು ಹುಡುಕುವ ಕೆಲಸ ಹಿಡಿದಿದ್ದರು. ಇಗರ್ಜಿಯ ಹಿಂದೆ ತಗಡಿನ ಮಾಡಿನ ಒಂದು ಹಾಲ್. ಭಾನುವಾರ ಅಲ್ಲಿ ಮಕ್ಕಳಿಗೆ ಅವರ ಧರ್ಮದ ಪಾಠ, ವಾರದಲ್ಲಿ ಎರಡು ದಿನ ಡಾಕ್ಟರು, ದಿನಾ ಬೆಳಿಗ್ಗೆ ಇಂಜೆಕ್ಷನ್. ಬಾಯಮ್ಮ ಮಂಗಳೂರಿನ ಕಡೆಯ ಕ್ರಿಸ್ತರು, ಐವತ್ತರ ಹೆಂಗಸು, ಕೈಯಲ್ಲಿ ಗಂಡಸರ ಕೊಡೆ, ಹೆಗಲಿಗೆ ಬಟ್ಟೆಯ ಚೀಲ. ಬಾಗಿಲಲ್ಲಿ ನಿಂತು ಒಳಗಿನ ಕೆಮ್ಮನ್ನು ಕೇಳಿಸಿಕೊಂಡೇ ಅವರು ಬಂದದ್ದು. ಕೇಳಿಸಿದ್ದು ನನ್ನ ಕೆಮ್ಮು. ಅಜ್ಜಿ ಆ ಹೊತ್ತಿಗೆ ದೇವರ ಮುಂದೆ ಕೂತಿದ್ದರು. ಮಡಿ ಹೆಂಗಸಾದ್ದರಿಂದ ಇಗರ್ಜಿಯಿಂದ ಬಂದವರ ಕಡೆ ತಿರುಗಿಯೂ ನೋಡಲಿಲ್ಲ.

ಬಾಯಮ್ಮ ಡಬ್ಬ ಕೊಟ್ಟು, ನನ್ನ ಹೆಸರು ಬರೆದು, ಬೆಳಿಗ್ಗೆ ಎದ್ದ ಕೂಡಲೇ ಬಾಯಿ ತೊಳೆಯುವ ಮೊದಲು ಬಂದದ್ದನ್ನು ಹಿಡಿದಿಡಿ ಎಂದು ಹೇಳಿ ಹೋದರು. ಅಮ್ಮನಿಗೆ ಆ ಡಬ್ಬ ಕಂಡದ್ದೇ ಸಾಕು, ಮದುವೆ ಮುರಿದ ಹಾಗೆ ಆಯಿತು. ಬೇಡ ಎಂದರೆ ಅನುಮಾನ, ಕೊಟ್ಟರೆ ಅನಾಹುತ. ಅಪ್ಪಯ್ಯನಿಗೆ ಹೇಳುವ ಹಾಗಿಲ್ಲ. ಹೋಟೆಲಿನಲ್ಲಿ ಗೊತ್ತಾದರೆ ಒಲೆಯ ಮುಂದೆ ನಿಲ್ಲಲು ಬಿಡುತ್ತಾರೆಯೇ? ಅಮ್ಮ ಮಾಡಿದ್ದಿಷ್ಟು: ಮರುದಿನ ಬೆಳಿಗ್ಗೆ ಶೈಲನನ್ನು ಎಬ್ಬಿಸಿ ಅವಳಿಂದ ಡಬ್ಬದೊಳಗೆ ಉಗುಳಿಸಿದಳು. ಎಂಟು ವರ್ಷದ ಆರೋಗ್ಯವಂತ ಮಗುವಿನ ಉಗುಳು, ಅದರಲ್ಲಿ ಏನು ಸಿಕ್ಕೀತು?

ಬಾಯಮ್ಮ ಡಬ್ಬವನ್ನು ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿ, ನನ್ನ ಕೈಗೇ ವಾಪಸು ಕೊಟ್ಟರು.

“ಇದು ಬರೇ ಉಗುಳು ಮಾರಾಯ್ತಿ. ನನಗೆ ಕಫ ಬೇಕು. ಎದೆಯಿಂದ ಬರಬೇಕು, ನಾಲಿಗೆಯಿಂದ ಅಲ್ಲ.”

ಅವರ ಕೆಲಸದ ರೀತಿಯೇ ಹಾಗಿತ್ತು. ನೀರು ನೀರಾದದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಹೊಸ ಡಬ್ಬ ಕೊಟ್ಟು ಹೋದರು. ಇನ್ನು ಅಮ್ಮನಿಗೆ ಬೇಕಾದದ್ದು ಕಾಯಿಲೆ ಇಲ್ಲದವರ ಗಟ್ಟಿ ಕಫ. ಕಾಯಿಲೆ ಇಲ್ಲದವರಿಗೆ ಗಟ್ಟಿ ಕಫ ಎಲ್ಲಿಂದ ಬರಬೇಕು ಎಂದು ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಗೆರಟೆ ತುಂಬ ಬರುತ್ತಿತ್ತಲ್ಲ. ಅದು ಕಾಯಿಲೆ ಅಲ್ಲವಲ್ಲ, ಅದು ಊರಿನ ಕೆಮ್ಮು.

ಮರುದಿನ ಅಮ್ಮ ಬೂದಿ ಮುಗಿದಿದೆ ಎಂದು ಅಜ್ಜಿಗೆ ಬರಿದಾದ ಗೆರಟೆ ಇಟ್ಟಳು. ಅಜ್ಜಿ ಸ್ನಾನಕ್ಕೆ ನೀರು ತೋಡಿಕೊಳ್ಳುವ ಹೊತ್ತಿಗೆ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಳೆಯ ಚಮಚದ ಹಿಡಿಯಿಂದ ಆ ಕಫವನ್ನು ಡಬ್ಬಕ್ಕೆ ತೆಗೆದು ಹಾಕಿದಳು. ಅದು ಎಳೆ ಎಳೆಯಾಗಿ ಹಿಡಿಗೆ ಅಂಟಿಕೊಂಡು ಬಿಡಲೇ ಇಲ್ಲ. ಅಮ್ಮನಿಗೆ ವಾಕರಿಕೆ ಬಂತು, ಡಬ್ಬ ಹಿಡಿದಿದ್ದ ನನಗೂ ಬಂತು. ಚಮಚವನ್ನು ಗ್ಯಾಲರಿಯಿಂದ ಹಳಿಯ ಕಡೆಗೆ ಎಸೆದು, ಕೈಯನ್ನು ಸೀಗೆಪುಡಿ ಹಾಕಿ ಮೂರು ಸಲ ತೊಳೆದಳು. ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈ ಸಲ ಬಾಯಮ್ಮ ಡಬ್ಬವನ್ನು ಓರೆ ಮಾಡಿ ನೋಡಿ, ಹಾಂ, ಇದು ಸರಿ ಎಂದು ಮೆಚ್ಚಿಕೊಂಡು ಚೀಲಕ್ಕೆ ಹಾಕಿದರು.

ಐದನೆಯ ದಿನ ಅವರು ಬಂದದ್ದು ಕಂಡು ಅಮ್ಮ ಬಾಗಿಲಿಗೆ ನಗುತ್ತಲೇ ಹೋದಳು. ಬಾಯಮ್ಮ ನಗಲಿಲ್ಲ. ಒಳಗೆ ಬಂದು, ಗೊತ್ತಿದ್ದವರು ಹೇಳುವ ಹಾಗೆ ಮೆಲ್ಲಗೆ, ಮೂರು ಪ್ಲಸ್ ಬಂದಿದೆ ಎಂದರು. ಅಂದರೆ ಕ್ರಿಮಿಗಳು ತುಂಬಿ ತುಳುಕುತ್ತಿವೆ ಎಂದರ್ಥ. ಅಮ್ಮ ಅದು ಇವಳದಲ್ಲ ಎನ್ನಬೇಕಾದರೆ ಯಾರದ್ದು ಎಂದು ಹೇಳಬೇಕಲ್ಲ. ಒಂದು ಕ್ಷಣ ನನಗೆ ಅನಿಸಿದ್ದು ಸಮಾಧಾನವೇ. ನನ್ನದಲ್ಲ, ನನ್ನದಲ್ಲ. ಆ ಕ್ಷಣದಲ್ಲೇ ಮೂಲೆಯಿಂದ ಅಜ್ಜಿ ಕೆಮ್ಮಿದರು.

ನನ್ನದೂ ಹೌದು ಎಂದು ವಾರದೊಳಗೆ ಗೊತ್ತಾಯಿತು. ಕಲ್ಯಾಣದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ನನ್ನ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡ ಕವಿದ ಹಾಗೆ ಬಿಳಿ ಕಲೆ. ಎರಡು ತಿಂಗಳು ದಿನಾ ಇಂಜೆಕ್ಷನ್, ಒಂದೂವರೆ ವರ್ಷ ಮಾತ್ರೆ. ಅಮ್ಮನಿಗೆ ಈ ಎಕ್ಸ್‌ರೇ ಒಂದು ಆಸರೆಯಾಯಿತು. ಕಾಣು, ಕಾಯಿಲೆ ನಿನ್ನದೇ, ಅಜ್ಜಿಯ ಡಬ್ಬ ಅಲ್ಲಿ ಯಾರದ್ದೋ ಜೊತೆ ಅದಲುಬದಲಾಗಿರಬೇಕು, ಅಜ್ಜಿಗೆ ಏನಿದ್ದೀತು ಎಂದು ನನ್ನ ಕಿವಿಯಲ್ಲಿ ಹೇಳಿದಳು. ತನಗೆ ತಾನೇ ಹೇಳಿಕೊಂಡಳು ಎಂದರೂ ಸರಿ. ಸುಳ್ಳನ್ನು ಎರಡು ಸಲ ಹೇಳಿದರೆ ಅಮ್ಮ ನಂಬಿಬಿಡುತ್ತಿದ್ದಳು. ನಾನು ನಂಬಲಿಲ್ಲ. ಆ ಡಬ್ಬದ ಮೇಲೆ ನನ್ನ ಹೆಸರನ್ನು ಬರೆದದ್ದು ನನ್ನ ಕಣ್ಣೆದುರಿಗೆ, ಬಾಯಮ್ಮನ ಕೆಲಸ ಎಂಥದ್ದೆಂದು ಕಂಡಿದ್ದೆ.

ಅಪ್ಪಯ್ಯನಿಗೂ ಅಜ್ಜಿಗೂ ನನ್ನ ಕಾಯಿಲೆಯನ್ನು ಹೇಳಲೇಬೇಕಾಯಿತು. ಅಪ್ಪಯ್ಯ ತಲೆಯ ಮೇಲೆ ಕೈಹೊತ್ತು ಕೂತರು. ಅಜ್ಜಿ ಕೂರಲಿಲ್ಲ, ಎದ್ದು ನಿಂತರು.

“ಅದರ ಲೋಟ, ಬಟ್ಲ್ ಎಲ್ಲ ಬೇರೆ ಮಾಡ್. ಬಾಗ್ಲತ್ರ ಕೂಕಣ್ಲಿ. ಶೈಲನ್ನ ಹತ್ರ ಬಿಡ್ಬೇಡ.”

ನಮ್ಮ ಕಡೆ ಹೆಣ್ಣುಮಕ್ಕಳನ್ನು ಅದು ಇದು ಎನ್ನುವುದು ಮುದ್ದಿನ ಮಾತು. ಅವತ್ತು ಅದರಲ್ಲಿ ಮುದ್ದಿರಲಿಲ್ಲ. ಗುರುತು ಸಿಗಲೆಂದು ನನ್ನ ಸ್ಟೀಲ್ ಲೋಟದ ಮೇಲೆ ಮೊಳೆಯಿಂದ ಒಂದು ಗೀರು ಎಳೆಸಿದರು. ನಾನು ಹೊಸ್ತಿಲ ಪಕ್ಕ ಉಣ್ಣಬೇಕು, ನನ್ನ ಪಾತ್ರೆ ನಾನೇ ಹೊರಗಿನ ನಳದಲ್ಲಿ ತೊಳೆಯಬೇಕು, ಅಮ್ಮ ಮೇಲಿಂದಲೇ ಬಡಿಸಬೇಕು. ಸೌಟು ತಟ್ಟೆಗೆ ತಾಗದ ಹಾಗೆ ಸಾರು ಬೀಳಿಸುತ್ತಿದ್ದಳಲ್ಲ, ಆ ಸಾರು ಹಾರಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಾನು ಕೆಮ್ಮಿದಾಗ ಅಜ್ಜಿ ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ಮುಚ್ಚಿ, ಸೆರಗಿನೊಳಗೇ ತಾವೂ ಕೆಮ್ಮುತ್ತಿದ್ದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದ ಎಂಬ ಗಾದೆಯನ್ನು ನನಗೆ ಕಲಿಸಿದವರು ಇದೇ ಅಜ್ಜಿ.

ಇಗರ್ಜಿಯ ಹಾಲಿನ ಬೆಂಚು ಮಕ್ಕಳ ಅಳತೆಯದ್ದು. ಅದರ ಮೇಲೆ ನಾವು ದೊಡ್ಡವರು ಮೊಣಕಾಲು ಎದೆಗೆ ತಾಗಿಸಿ ಕೂರುತ್ತಿದ್ದೆವು. ಫಿನಾಯಿಲ್, ಒದ್ದೆ ಕೊಡೆ, ಬೆವರು, ಜೊತೆಗೆ ಸಿಹಿಯಾಗಿ ಕೊಳೆತ ಏನೋ ಒಂದು ವಾಸನೆ. ಅದು ನಮ್ಮ ಉಸಿರಿನ ವಾಸನೆ ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು. ನಾನು ಮೊದಲ ದಿನ ಬೆಂಚಿನ ತುದಿಯಲ್ಲಿ, ಯಾರ ಬಟ್ಟೆಯೂ ತಾಗದ ಹಾಗೆ, ಸೀರೆ ಮುದುರಿಕೊಂಡು ಕೂತಿದ್ದೆ. ಪಕ್ಕದಲ್ಲಿ ಕಲಬುರಗಿಯ ಕಡೆಯ ಶರಣಪ್ಪ, ಕಲ್ಯಾಣದ ಯಾರ್ಡಿನಲ್ಲಿ ಚೀಲ ಹೊರುವವರು, ಈಗ ಎಲುಬಿನ ಗೂಡು. ನನ್ನ ಮುದುರುವಿಕೆ ನೋಡಿ ಅವರಿಗೆ ನಗು ಬಂತು.

“ಆರಾಮ ಕೂಡ ತಂಗಿ. ಇಲ್ಲಿ ಕುಂತವರದೆಲ್ಲ ಒಂದ ಜಾತಿ, ಕೆಮ್ಮವರ ಜಾತಿ.”

ಹತ್ತಿರ ಕೂತರೆ ಅಂಟುತ್ತದಲ್ಲ ಎಂದರೆ, ಅಂಟಿದ್ದು ಅಂಟ್ಯಾದ, ಇನ್ನೇನು ಎರಡು ಸಲ ಅಂಟತದೇನು ಎಂದರು. ಆ ಹಾಲಿನಲ್ಲಿ ನನ್ನಿಂದ ದೂರ ಸರಿಯದೆ ಕೂತ ಮೊದಲನೆಯವರು ಅವರು. ಇಂಜೆಕ್ಷನ್ ಹಾಕುವ ಸಿಸ್ಟರ್ ಎರಡನೆಯವರು. ಸೊಂಟದಲ್ಲಿ ಗಂಟು ಕಟ್ಟಿ ಕೂರಲಾಗದೆ ಹೋದಾಗ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದರು, ಕೈಗೆ ಏನನ್ನೂ ಹಾಕಿಕೊಳ್ಳದೆ, ಬರಿಗೈಯಲ್ಲಿ. ನನ್ನ ಮೈಯನ್ನು ಮನೆಯವರು ಯಾರೂ ಮುಟ್ಟದೆ ಆಗಲೇ ಎಷ್ಟೋ ದಿನವಾಗಿತ್ತು.

ಬಾಯಮ್ಮ ಮಾತ್ರೆ ಕೊಡಲು ಮನೆಗೇ ಬರುತ್ತಿದ್ದರು, ಎದುರಿಗೆ ನುಂಗಿಸಿಯೇ ಹೋಗುತ್ತಿದ್ದರು. ಚಾಳಿನವರಿಗೆ ಅನುಮಾನ ಬಾರದಿರಲಿ ಎಂದು ಚೀಲದ ಮೇಲ್ಭಾಗದಲ್ಲಿ ಎರಡು ರವಿಕೆ ಬಟ್ಟೆ ಇಟ್ಟುಕೊಂಡು, ಹೊಲಿಯಲು ಕೊಟ್ಟಿದ್ದು ಆಯಿತೇ ಎಂದು ಗ್ಯಾಲರಿಯಿಂದಲೇ ಕೂಗುತ್ತ ಬರುವರು. ಅಮ್ಮನಿಗೆ ಗುಂಡಿ ಹಾಕಲೂ ಸರಿಯಾಗಿ ಬರುತ್ತಿರಲಿಲ್ಲ. ಅಷ್ಟು ಮಾಡಿಯೂ ಏನು ಬಂತು? ವರ್ತಕ ನಗರದ ಹುಡುಗನ ಸೋದರತ್ತೆ ಒಂದು ದಿನ ನನ್ನನ್ನು ಇಗರ್ಜಿಯ ಬೆಂಚಿನ ಮೇಲೆ ಕಂಡಳು. ಸಂಬಂಧ ಮುರಿಯಿತು. ಆ ಅತ್ತೆ ಅದೇ ಬೆಂಚಿನ ಹತ್ತಿರ ಕರ್ಚೀಫು ಬಾಯಿಗೆ ಹಿಡಿದು ಏನು ಮಾಡುತ್ತಿದ್ದಳು ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಿದಂತಿಲ್ಲ.

ಯಾವ ಮದುವೆಗಾಗಿ ಸುಳ್ಳು ಹೇಳಿದ್ದೆವೋ ಅದೇ ಹೋಯಿತು. ಇನ್ನು ಬಾಯಿ ಬಿಡಲು ನನಗೆ ಏನು ಅಡ್ಡಿಯಿತ್ತು? ಇಲ್ಲಿಗೆ ಬಂದಾಗ ನನ್ನ ಕೈ ನಿಲ್ಲುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಈ ಬರಹದಲ್ಲಿ ನಿಜವಾಗಿ ಹೇಸಿಗೆ ಹುಟ್ಟಿಸುವ ಭಾಗ ಇದೇ. ಅಮ್ಮ ಅಂಜಿ ಸುಮ್ಮನಿದ್ದಳು. ನಾನು ಸಿಟ್ಟಿನಿಂದ ಸುಮ್ಮನಿದ್ದೆ. ಹೊಸ್ತಿಲ ಪಕ್ಕ ಕೂತು ಉಣ್ಣುವಾಗ ಅಜ್ಜಿ ಒಳಗೆ ಬಾಗಿ ಬಾಗಿ ಕೆಮ್ಮುವುದನ್ನು ಕೇಳುತ್ತಿದ್ದೆ. ನನ್ನ ಲೋಟಕ್ಕೆ ಗೀರು ಎಳೆಸಿದಿರಲ್ಲ, ಕೆಮ್ಮಿ, ಇನ್ನೂ ಕೆಮ್ಮಿ ಎಂದು ಮನಸ್ಸು ಹೇಳುತ್ತಿತ್ತು. ಅಜ್ಜಿಯ ಕೈಬಳೆ ಇದ್ದಿದ್ದರೆ ಮೊಣಕೈವರೆಗೂ ಜಾರುತ್ತಿತ್ತು, ಅಷ್ಟು ಸೊರಗುತ್ತಿದ್ದರು. ನಾನು ದಪ್ಪಗಾಗುತ್ತಿದ್ದೆ. ಹಸಿವು ತಿರುಗಿ ಬಂದಿತ್ತು, ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದೆ. ಅಜ್ಜಿಯ ಕಫ ಕೊಟ್ಟು ಪಡೆದ ಔಷಧಿಯಿಂದ ನನ್ನ ಮೈ ತುಂಬುತ್ತಿತ್ತು, ಅನ್ನ ರುಚಿಯಾಗುತ್ತಿತ್ತು. ಇದಕ್ಕಿಂತ ಅಸಹ್ಯವಾದದ್ದನ್ನು ನಾನು ಯಾವ ಡಬ್ಬದೊಳಗೂ ನೋಡಿಲ್ಲ.

ನಾನು ದಿನ ಎಣಿಸುತ್ತಿದ್ದದ್ದು ಇಂಜೆಕ್ಷನ್ನಿನ ಲೆಕ್ಕದಲ್ಲಿ. ನಲವತ್ತೊಂದನೆಯದು ಹಾಕಿಸಿಕೊಂಡು ಬಂದ ದಿನ, ಮಧ್ಯಾಹ್ನ, ಶೈಲನಿಗೆ ಜ್ವರ. ಶಾಲೆಗೆ ಹೋಗಿರಲಿಲ್ಲ. ನನ್ನ ಹತ್ತಿರ ಬಿಡಬಾರದೆಂದು ಅವಳನ್ನು ಅಜ್ಜಿಯ ಪಕ್ಕದಲ್ಲೇ ಮಲಗಿಸುತ್ತಿದ್ದರು. ಅಜ್ಜಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದರು. ಬಿಸಿ ಗಂಜಿ. ಒಂದೊಂದು ಚಮಚವನ್ನೂ ತುಟಿಯ ಹತ್ತಿರ ತಂದು, ಉಫ್ ಉಫ್ ಎಂದು ಉಸಿರೆಲ್ಲ ಸೇರಿಸಿ ಊದಿ, ಆರಿಸಿ, ಅವಳ ಬಾಯಿಗೆ ಇಡುತ್ತಿದ್ದರು. ನಡುವೆ ಒಮ್ಮೆ ಮುಖ ತಿರುಗಿಸಿ ಕೆಮ್ಮಿದರು. ಮತ್ತೆ ಊದಿದರು. ನನಗೂ ಚಿಕ್ಕಂದಿನಲ್ಲಿ ಹಾಗೆಯೇ ಊದಿ ಕುಡಿಸಿದ್ದರು, ಅದೇ ಚಮಚದಲ್ಲಿ.

ಉಣ್ಣುತ್ತಿದ್ದ ತಟ್ಟೆಯನ್ನು ಹೊಸ್ತಿಲ ಪಕ್ಕದಲ್ಲೇ ಬಿಟ್ಟು, ಕೈಯನ್ನೂ ತೊಳೆಯದೆ, ಹಳಿ ದಾಟಿ ಇಗರ್ಜಿಗೆ ನಡೆದೆ. ಬಾಯಮ್ಮ ಹಾಲಿನಲ್ಲಿ ಬೆಂಚುಗಳನ್ನು ಒರೆಸುತ್ತಿದ್ದರು.

“ಬಾಯಮ್ಮ, ಆ ಮೂರು ಪ್ಲಸ್ ಬಂದ ಡಬ್ಬದಲ್ಲಿ ಇದ್ದದ್ದು ನನ್ನದಲ್ಲ. ಅಜ್ಜಿಯದು.”

ಅವರು ಒರೆಸುವ ಬಟ್ಟೆ ಹಿಡಿದೇ ಕೂತರು. ಎಲ್ಲವನ್ನೂ ಹೇಳಿದೆ, ಶೈಲನ ಉಗುಳು, ಬೂದಿ ಹಾಕದ ಗೆರಟೆ, ಚಮಚದ ಹಿಡಿ.

“ಅಂದರೆ ನಾನು ಇಷ್ಟು ದಿನ ಅಜ್ಜಿಯ ರಿಪೋರ್ಟಿಗೆ ನಿನ್ನ ಸೊಂಟಕ್ಕೆ ಸೂಜಿ ಹಾಕಿಸ್ತಾ ಇದ್ದೇನಾ?”

ಬೇರೆ ದಿನವಾದರೆ ಇಬ್ಬರೂ ನಗುತ್ತಿದ್ದೆವೇನೋ. ಅವರ ಮುಖ ಕಪ್ಪಗಾಗಿತ್ತು. ನಿಮ್ಮ ಮನೆಯಲ್ಲಿ ಒಂದು ಮಗು ಉಂಟಲ್ಲ ಎಂದರು. ಯಾಕೆ ಹೇಳಲಿಲ್ಲ ಎಂದರು. ಅಮ್ಮ ಹೆದರಿದ್ದಳು ಎಂದೆ.

“ಅಮ್ಮ ಯಾಕೆ ಹೇಳಲಿಲ್ಲ ಅಂತ ನನಗೆ ಗೊತ್ತಾಯ್ತು. ನೀನು ಯಾಕೆ ಹೇಳಲಿಲ್ಲ?”

ಉತ್ತರಕ್ಕೆ ಅವರು ಕಾಯಲಿಲ್ಲ. ಕಪಾಟಿನಿಂದ ನಾಲ್ಕು ಡಬ್ಬ ತೆಗೆದು ಚೀಲಕ್ಕೆ ಹಾಕಿ, ಅವತ್ತು ರವಿಕೆ ಬಟ್ಟೆ ಇಟ್ಟುಕೊಳ್ಳದೆ, ನನ್ನ ಜೊತೆ ಹೊರಟರು.

ಬಾಯಮ್ಮನ ಹಿಂದೆ ನನ್ನನ್ನು ಕಂಡೇ ಅಮ್ಮನಿಗೆ ತಿಳಿಯಿತು, ಮೋರಿಯ ಕಡೆ ಮುಖ ಮಾಡಿ ನಿಂತಳು. ಶೈಲ ನಿದ್ದೆ ಹೋಗಿದ್ದಳು. ಬಾಯಮ್ಮ ಹೊಸ್ತಿಲ ಹೊರಗೇ ನಿಂತು, ಮನೆಯವರೆಲ್ಲರ ಕಫ ನೋಡಬೇಕಾಗಿದೆ, ಅಜ್ಜಿಯವರದ್ದು ಮೊದಲು ಎಂದರು. ಅಜ್ಜಿ ಊರಿನ ಕೆಮ್ಮಿನ ಕಥೆಯನ್ನು ಶುರು ಮಾಡಿದರು. ಅರ್ಧದಲ್ಲಿ ನಾನು ಬಾಯಿ ಹಾಕಿ ಹೇಳಿಬಿಟ್ಟೆ: ಆ ಮೂರು ಪ್ಲಸ್ ನಿಮ್ಮದು ಅಜ್ಜಿ, ನನ್ನ ಹೆಸರಿನ ಡಬ್ಬದಲ್ಲಿ ಕೊಟ್ಟದ್ದು ನಿಮ್ಮ ಕಫ.

ಕಲ್ಯಾಣದ ಕಡೆಗೆ ಒಂದು ಲೋಕಲ್ ಹೋಯಿತು. ಅಜ್ಜಿಯ ಬಾಯಿಂದ ಮೊದಲು ಬಂದದ್ದು, “ನನ್ನ್ ಎಂಜಲ್ ಇಗರ್ಜಿಗ್ ಹೋಯ್ತಾ?”

ಅಮ್ಮ ಅಳಲು ತೊಡಗಿದಳು. ಅಜ್ಜಿ ಅವಳ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ನಿಂಗೆ ಯಾವಾಗಿಂದ ಗೊತ್ತಿತ್ತ್?”

“ಮೊದಲಿಂದ.”

ಅಜ್ಜಿ ಮೊರ ಕುಲುಕುವ ಮುಂಚೆ ನನ್ನ ತಪ್ಪು ಅಕ್ಷರವನ್ನು ನೋಡುತ್ತಿದ್ದರಲ್ಲ, ಹಾಗೆ ನೋಡಿದರು.

“ಅಷ್ಟ್ ಸಿಟ್ಟಾ ಮಗಾ, ನನ್ನ್ ಮೇಲೆ?”

ಅಜ್ಜಿ ಶೈಲನ ತಲೆಯನ್ನು ತೊಡೆಯಿಂದ ಇಳಿಸಿ, ದಿಂಬು ಕೊಟ್ಟು, ಎದ್ದರು. ತಮ್ಮ ಮಣೆ, ತಟ್ಟೆ, ಲೋಟ ಮೂರನ್ನೂ ಎತ್ತಿಕೊಂಡು ಕೋಣೆಯನ್ನು ದಾಟಿ ಬಂದು, ಹೊಸ್ತಿಲ ಪಕ್ಕ ನನ್ನ ತಟ್ಟೆಯ ಬದಿಯಲ್ಲಿ ಮಣೆ ಹಾಕಿ ಕೂತರು. ಆ ಮೊಳೆ ಎಲ್ಲಿದೆ ಎಂದು ಅಮ್ಮನನ್ನು ಕೇಳಿದರು. ಅಮ್ಮ ಕೊಡಲಾರೆ ಎಂದಳು. ಅಜ್ಜಿ ತಾವೇ ಹುಡುಕಿ ತೆಗೆದು, ತಮ್ಮ ಲೋಟದ ಮೇಲೆ ಎರಡು ಗೀರು ಎಳೆದುಕೊಂಡರು, ನನ್ನದರ ಜೊತೆ ಅದಲುಬದಲಾಗದ ಹಾಗೆ.

ಆಮೇಲಿನದ್ದು ಉದ್ದದ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಅಪ್ಪಯ್ಯ, ಅಮ್ಮನ ಡಬ್ಬಗಳಲ್ಲಿ ಏನೂ ಸಿಗಲಿಲ್ಲ, ಅವರಿಬ್ಬರು ಪಾರಾದರು.

ಅಜ್ಜಿಯನ್ನು ಇಗರ್ಜಿಯ ಹಾಲಿಗೆ ಕರೆದೊಯ್ಯುವುದೇ ಒಂದು ಸಾಹಸ. ಸೂಜಿಗೆ ಮೈಲಿಗೆ ಇಲ್ಲ ಎಂದು ತಾವೇ ತೀರ್ಮಾನ ಕೊಟ್ಟುಕೊಂಡರು, ಮಾತ್ರೆಗೆ ಮಾತ್ರ ಒಪ್ಪಲಿಲ್ಲ. ಇಗರ್ಜಿಯಿಂದ ಬಂದದ್ದು ಬಾಯಿಗೆ ಹೋಗಬೇಕಾದರೆ ನೀರಾದರೂ ತಾಗಬೇಕು. ಮಾತ್ರೆಗಳನ್ನು ಬಟ್ಟಲಿನಲ್ಲಿ ಹಾಕಿ ಅಕ್ಕಿ ತೊಳೆದ ಹಾಗೆ ತೊಳೆದರು. ಮೂರನೆಯ ನೀರಿಗೆ ಬಟ್ಟಲಿನಲ್ಲಿ ಉಳಿದದ್ದು ಸುಣ್ಣದ ತಿಳಿ. ಬಾಯಮ್ಮ ಜಗಳ ಮಾಡಲಿಲ್ಲ. ಮುಂದಿನ ವಾರದಿಂದ ಮಾತ್ರೆಗಳನ್ನು ಮುಚ್ಚಳ ಬಿಗಿದ ಸೀಸೆಯಲ್ಲಿ ತಂದು, ಸೀಸೆ ತೊಳೆಯಿರಿ ಅಮ್ಮಾ, ಎಷ್ಟು ಸಲ ಬೇಕಾದರೂ ತೊಳೆಯಿರಿ, ಮಾತ್ರೆ ತೊಳೆಯಬೇಡಿ ಎಂದರು. ಅಜ್ಜಿ ಸೀಸೆ ತೊಳೆದು, ತಾವೇ ಅಂಗೈಗೆ ಸುರಿದುಕೊಂಡು, ಬಾಯಮ್ಮ ನೋಡುತ್ತಿರುವಂತೆ ನುಂಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಒಂದೇ ಹೊಸ್ತಿಲ ಪಕ್ಕ ನಾವಿಬ್ಬರೂ ಮಾತ್ರೆ ನುಂಗಿ, ಒಟ್ಟಿಗೆ ಓಕರಿಸುತ್ತಿದ್ದೆವು.

ಶೈಲನ ಆ ದಿನದ ಜ್ವರ ಇಳಿಯಿತು. ಆದರೆ ಮುಂದಿನ ತಿಂಗಳು ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಒಡೆದು ಸೋರಿತು. ಅವಳೂ ಒಂದು ವರ್ಷ ಮಾತ್ರೆ ತಿಂದಳು. ಗುಣವಾಯಿತು, ಕಲೆ ಉಳಿಯಿತು. ಯಾರಿಂದ ಅಂಟಿತು, ಯಾವಾಗ ಅಂಟಿತು ಎಂದು ಡಾಕ್ಟರನ್ನು ಕೇಳಿದೆ. ಅದು ಹೇಳಲು ಆಗುವ ಮಾತಲ್ಲ, ನಿನ್ನಿಂದಲೇ ಇರಬಹುದು, ಅಜ್ಜಿಯಿಂದ ಇರಬಹುದು, ಎಷ್ಟೋ ಮೊದಲೇ ಇರಬಹುದು ಎಂದರು. ಅವರ ಅರ್ಥದಲ್ಲಿ ಅದು ಸಮಾಧಾನದ ಮಾತು. ನನಗೆ ಆ ನಲವತ್ತೊಂದು ಇಂಜೆಕ್ಷನ್ನಿನ ದಿನಗಳನ್ನು ಬಿಟ್ಟು ಬೇರೆ ಯಾವ ದಿನವೂ ಕಾಣಿಸಲಿಲ್ಲ.

ಕೊನೆಗೆ ಅಜ್ಜಿಯ ಡಬ್ಬ ಶುದ್ಧವಾಗಿ ಬಂದ ದಿನ ಬಾಯಮ್ಮ ಗ್ಯಾಲರಿಯಿಂದಲೇ ಕೂಗಿಕೊಂಡು ಬಂದರು. ಅಜ್ಜಿ ಗಂಭೀರವಾಗಿ, ಡಬ್ಬದಲ್ಲಿದ್ದದ್ದು ನನ್ನದೇ ಎಂದು ಖಾತ್ರಿಯಾ ಎಂದು ಕೇಳಿದರು. ಎಲ್ಲರೂ ನಕ್ಕರು. ಎಷ್ಟೋ ಕಾಲದ ಮೇಲೆ ಅಮ್ಮನೂ ನಕ್ಕಳು. ಅವತ್ತೇ ಅಮ್ಮ ಹುಣಸೆಹಣ್ಣು ಬೂದಿ ಹಾಕಿ ನಮ್ಮಿಬ್ಬರ ಲೋಟಗಳನ್ನು ಉಜ್ಜಿದಳು. ಗೀರುಗಳು ಇನ್ನಷ್ಟು ಹೊಳೆದವು, ಹೋಗಲಿಲ್ಲ. ಅಜ್ಜಿ ಆಮೇಲೆ ಆರೇಳು ವರ್ಷ ಇದ್ದರು. ತಾವು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ. ನಾನೂ ಉತ್ತರ ಕೊಡಲಿಲ್ಲ.

ಈ ಕಾಯಿಲೆ ಬಂದವರಿಗೆ ನಾನು ಹೇಳುವುದು ಹೆಚ್ಚೇನಿಲ್ಲ. ಅದು ಹೋಗುತ್ತದೆ, ಮಾತ್ರೆ ಬಿಡಬೇಡಿ. ಪಕ್ಕದಲ್ಲಿ ಕೂತು ಕೆಮ್ಮುವ ಅಪರಿಚಿತರು ಮನೆಯವರಿಗಿಂತ ಹತ್ತಿರದವರಾಗುತ್ತಾರೆ, ಅದಕ್ಕೆ ಮನೆಯವರನ್ನು ದ್ವೇಷಿಸಬೇಡಿ. ದ್ವೇಷಿಸಿದರೂ ಬಾಯಿ ಮುಚ್ಚಿಕೊಂಡು ದ್ವೇಷಿಸಬೇಡಿ.

ಇಷ್ಟನ್ನು ಬರೆದು ಮುಗಿಸಿ ಎರಡು ವಾರ ಇಟ್ಟುಕೊಂಡಿದ್ದೆ. ಶೈಲ ಈಗ ನೆರೂಳದಲ್ಲಿದ್ದಾಳೆ, ಮೊಮ್ಮಗಳಿದ್ದಾಳೆ. ಅವಳಿಗೆ ಅಜ್ಜಿಯ ಡಬ್ಬದ ಕಥೆ ಗೊತ್ತು, ನಗುತ್ತ ಎಲ್ಲರಿಗೂ ಹೇಳುತ್ತಾಳೆ. ನನಗೆ ಮೊದಲಿಂದ ಗೊತ್ತಿತ್ತು, ಆದರೂ ನಾನು ಸುಮ್ಮನಿದ್ದೆ ಎಂಬುದು ಗೊತ್ತಿಲ್ಲ. ನಾನು ಅದನ್ನು ಹೇಳಿದಾಗ ಅವಳು ನಿದ್ದೆಯಲ್ಲಿದ್ದಳು. ಅವಳು ಕನ್ನಡ ಮಾತಾಡುತ್ತಾಳೆ, ಅದೂ ಅರ್ಧ ಮರಾಠಿ. ಓದಲು ಬರುವುದಿಲ್ಲ. ಆ ಮಧ್ಯಾಹ್ನದ ಮೇಲೆ ಅಜ್ಜಿ ಯಾವ ಮಗುವನ್ನೂ ಹತ್ತಿರ ಕೂರಿಸಿಕೊಳ್ಳಲಿಲ್ಲ, ಅವಳ ಮುಂದೆ ಅಕ್ಕಿಯ ಮೊರ ಇಡಲೇ ಇಲ್ಲ. ಅವಳಿಗೆ ಓದಲು ಬಾರದ ಅಕ್ಷರದಲ್ಲಿ ಇದನ್ನು ಬರೆದು ಹಗುರಾದೆ ಎಂದುಕೊಂಡಿದ್ದೆನಲ್ಲ, ಅದೂ ನನ್ನ ಹೆಸರಿನ ಆ ಡಬ್ಬದಂಥದ್ದೇ ಕೆಲಸ ಎಂದು ಇವತ್ತು ಬೆಳಿಗ್ಗೆ ಹೊಳೆಯಿತು. ಫೋನ್ ಮಾಡಿದೆ. ಏನೋ ಬರೆದಿದ್ದೇನೆ, ಭಾನುವಾರ ಬಂದು ಓದಿ ಹೇಳುತ್ತೇನೆ ಎಂದೆ.

“ತೂ ಯೇ ನಾ ಅಕ್ಕಾ,” ಎಂದು ಮರಾಠಿಯಲ್ಲಿ ಕರೆದಳು, “ಊಟಕ್ಕೇ ಬಾ.”

ಊಟ ಆಮೇಲೆ, ಮೊದಲು ಓದುತ್ತೇನೆ ಎಂದೆ.